ಹುಳಕಡ್ಡಿ ಯಾಕೆ ವಾಸಿ ಆಗ್ತಿಲ್ಲ? ಉತ್ತರ ಮೆಡಿಕಲ್ ಶಾಪ್ ಕೌಂಟರ್ ಮೇಲೇ ಇದೆ

ಹಾವೇರಿ: ಮಳೆಗಾಲದಲ್ಲಿ ನಮ್ಮ ಜಿಲ್ಲೆಯ ಯಾವುದೇ ಮೆಡಿಕಲ್ ಶಾಪ್ ಮುಂದೆ ಅರ್ಧ ಗಂಟೆ ನಿಂತು ನೋಡಿ. ಜ್ವರದ ಮಾತ್ರೆ ಬಿಟ್ಟರೆ ಅತಿ ಹೆಚ್ಚು ಕೇಳಿಬರೋದು ಒಂದೇ ಮಾತು: "ತುರಿಕಿ ಟ್ಯೂಬ್ ಕೊಡ್ರಿ". ಕೆಲವರು ಅಷ್ಟೂ ಮಾತಾಡೋದಿಲ್ಲ. ಕಿಸೆಯಿಂದ ಹಿಂಡಿ ಹಿಪ್ಪೆಯಾದ ಹಳೇ ಟ್ಯೂಬ್ ತೆಗೆದು ಕೌಂಟರ್ ಮೇಲೆ ಇಡ್ತಾರೆ. ಅಂಗಡಿಯವರು ಅಂಥದ್ದೇ ಹೊಸದೊಂದನ್ನು ಕೊಡ್ತಾರೆ. ಚೀಟಿ ಕೇಳೋರಿಲ್ಲ, ಎಲ್ಲಿ ತುರಿಕೆ, ಎಷ್ಟು ದಿನದಿಂದ ಅಂತ ವಿಚಾರಿಸೋರೂ ಕಡಿಮೆ. ತೊಡೆ ಸಂದಿನ ವಿಷಯ ಆದ್ದರಿಂದ ಕೇಳೋಕೂ ನಾಚಿಕೆ, ಹೇಳೋಕೂ ನಾಚಿಕೆ.

ಟ್ಯೂಬ್ ಹಚ್ಚಿದ ಮೂರನೇ ದಿನಕ್ಕೆ ತುರಿಕೆ ಮಾಯ. ವಾರಕ್ಕೆ ಕೆಂಪು ಬಣ್ಣವೂ ಇಳಿಯುತ್ತೆ. "ಮಸ್ತ್ ಔಷಧ" ಅಂತ ಹಚ್ಚೋದು ಬಿಡ್ತಾರೆ. ಇಪ್ಪತ್ತು ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಶುರು. ಈ ಸಲ ರೂಪಾಯಿ ಅಗಲ ಇದ್ದದ್ದು ಅಂಗೈ ಅಗಲ ಆಗಿರುತ್ತೆ. ಹೆಂಡತಿಗೂ ಬಂದಿರುತ್ತೆ, ಮಗುವಿನ ಕುತ್ತಿಗೆಗೂ ಬಂದಿರುತ್ತೆ. ಹೀಗೇ ಆರು ತಿಂಗಳು, ವರ್ಷ. ಕೊನೆಗೆ ದಾವಣಗೆರೆಗೋ ಹುಬ್ಬಳ್ಳಿಗೋ ಹೋಗಿ ಚರ್ಮವೈದ್ಯರ ಮುಂದೆ ಕೂತಾಗ ಕೈಚೀಲದಲ್ಲಿ ಏಳೆಂಟು ಬಗೆಯ ಖಾಲಿ ಟ್ಯೂಬ್ ಇರುತ್ತವೆ.

ಹುಳಕಡ್ಡಿ, ಗಜಕರ್ಣ, ತದ್ದು ಅಂತ ನಾವು ಕರೆಯೋ ಈ ಕಾಯಿಲೆ ಹೊಸದೇನಲ್ಲ. ಅಜ್ಜ-ಅಜ್ಜಿಯರ ಕಾಲದಲ್ಲೂ ಇತ್ತು, ನಾಲ್ಕು ವಾರ ಮುಲಾಮು ಹಚ್ಚಿದರೆ ಹೋಗ್ತಿತ್ತು. ಕಳೆದ ಹತ್ತು-ಹನ್ನೆರಡು ವರ್ಷಗಳಲ್ಲಿ ಅದು ಹಠಮಾರಿ ಆಗಿದೆ ಅಂತ ದೇಶದ ಎಲ್ಲ ಕಡೆಯ ಚರ್ಮವೈದ್ಯರು ಹೇಳ್ತಿದ್ದಾರೆ. ಯಾಕೆ ಹೀಗಾಯ್ತು ಅನ್ನೋದಕ್ಕೆ ಹವಾಮಾನ, ಬಿಗಿ ಜೀನ್ಸ್, ಬೆವರು ಅಂತ ಹಲವು ಕಾರಣ ಕೊಡಬಹುದು. ಆದರೆ ನಮ್ಮ ತಾಲ್ಲೂಕುಗಳ ಮಟ್ಟಿಗೆ ನಾವೇ ಬದಲಾಯಿಸಬಹುದಾದ ಕಾರಣ ಒಂದಿದೆ. ಅದು ಆ ಟ್ಯೂಬ್ ಒಳಗೆ ಇರೋದು, ಮತ್ತು ಅದು ಮಾರಾಟ ಆಗ್ತಿರೋ ರೀತಿ.

ಟ್ಯೂಬ್ ಒಳಗೆ ಏನಿದೆ?

ಮನೆಯಲ್ಲಿ ಅಂಥ ಟ್ಯೂಬ್ ಇದ್ದರೆ ಈಗಲೇ ತಂದು ಓದಿ. ಅಕ್ಷರ ಸಣ್ಣದು, ಮೊಬೈಲಿನಲ್ಲಿ ಫೋಟೊ ಹೊಡೆದು ದೊಡ್ಡದು ಮಾಡಿ ನೋಡಿ. ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಔಷಧದ ಹೆಸರು ಇರುತ್ತವೆ. ಒಂದು ಶಿಲೀಂಧ್ರ ಅಂದರೆ ಫಂಗಸ್ ಕೊಲ್ಲುವಂಥದ್ದು. ಒಂದೆರಡು ಬ್ಯಾಕ್ಟೀರಿಯಾ ಕೊಲ್ಲುವಂಥವು. ಇನ್ನೊಂದು ಕ್ಲೊಬೆಟಸಾಲ್, ಬೆಟಾಮೆಥಸೋನ್, ಬೆಕ್ಲೊಮೆಥಸೋನ್, ಮೊಮೆಟಸೋನ್ ಈ ಥರದ ಹೆಸರು. ಈ ಕೊನೆಯದ್ದು ಸ್ಟೀರಾಯ್ಡ್.

ಸ್ಟೀರಾಯ್ಡ್ ಕೆಟ್ಟ ಔಷಧ ಅಲ್ಲ, ಇದನ್ನ ಮೊದಲೇ ಹೇಳಿಬಿಡಬೇಕು. 1952ರಲ್ಲಿ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡ್ ಬಂದ ಮೇಲೆ ಇಸುಬು, ಸೋರಿಯಾಸಿಸ್‌ನಂಥ ಕಾಯಿಲೆ ಇದ್ದವರ ಬದುಕೇ ಬದಲಾಯ್ತು. ಸರಿಯಾದ ಕಾಯಿಲೆಗೆ, ಸರಿಯಾದ ಜಾಗಕ್ಕೆ, ಸರಿಯಾದಷ್ಟು ದಿನ ಹಚ್ಚಿದರೆ ಅದಕ್ಕೆ ಸಮ ಇನ್ನೊಂದಿಲ್ಲ. ತೊಂದರೆ ಇರೋದು ಹುಳಕಡ್ಡಿಗೆ ಹಚ್ಚಿದಾಗ.

ಹುಳಕಡ್ಡಿಯಲ್ಲಿ ಕೆಂಪಾಗೋದು, ತುರಿಸೋದು ಎಲ್ಲ ನಮ್ಮ ದೇಹ ಫಂಗಸ್ ವಿರುದ್ಧ ನಡೆಸುವ ಜಗಳದ ಗುರುತು. ಸ್ಟೀರಾಯ್ಡ್ ಆ ಜಗಳವನ್ನೇ ನಿಲ್ಲಿಸಿಬಿಡುತ್ತೆ. ಕಳ್ಳ ಹಿತ್ತಲಿಗೆ ನುಗ್ಗಿದಾಗ ಬೊಗಳೋ ನಾಯಿಯ ಬಾಯಿ ಕಟ್ಟಿದ ಹಾಗೆ. ಮನೆಯವರಿಗೆ ನಿದ್ದೆ ಚೆನ್ನಾಗಿ ಬರುತ್ತೆ, ಕಳ್ಳನಿಗೂ ಅನುಕೂಲ. ಟ್ಯೂಬಿನಲ್ಲಿ ಫಂಗಸ್ ಕೊಲ್ಲುವ ಔಷಧವೂ ಇದೆಯಲ್ಲ ಅಂತ ಕೇಳಬಹುದು. ಇದೆ. ಆದರೆ ಅದು ಕೆಲಸ ಮಾಡಬೇಕಾದರೆ ವಾರಗಟ್ಟಲೆ ಬಿಡದೆ ಹಚ್ಚಬೇಕು. ಸ್ಟೀರಾಯ್ಡ್ ಮೂರೇ ದಿನಕ್ಕೆ ಆರಾಮ ಕೊಟ್ಟಿದ್ದರಿಂದ ಜನ ಐದನೇ ದಿನಕ್ಕೆ ಹಚ್ಚೋದು ನಿಲ್ಲಿಸಿರುತ್ತಾರೆ. ಅರ್ಧ ಪೆಟ್ಟು ತಿಂದ ಫಂಗಸ್ ಉಳಿದುಕೊಳ್ಳುತ್ತೆ.

ಕ್ಲೊಬೆಟಸಾಲ್ ಅನ್ನೋದು ಹಚ್ಚುವ ಸ್ಟೀರಾಯ್ಡ್‌ಗಳಲ್ಲೇ ಅತ್ಯಂತ ಪ್ರಬಲ ಗುಂಪಿಗೆ ಸೇರಿದ್ದು. ಪಾದದ ದಪ್ಪ ಚರ್ಮಕ್ಕೆ, ಕೆಲವೇ ದಿನ ಅಂತ ವೈದ್ಯರು ಬರೆಯುವ ಔಷಧ ಅದು. ಅದನ್ನು ನಮ್ಮವರು ಹಚ್ಚೋದು ಚರ್ಮ ತೆಳುವಾಗಿರೋ ತೊಡೆ ಸಂದಿಗೆ, ಅದೂ ತಿಂಗಳುಗಟ್ಟಲೆ. ಅಲ್ಲಿ ಚರ್ಮ ಇನ್ನೂ ತೆಳ್ಳಗಾಗಿ, ಬಸುರಿಯ ಹೊಟ್ಟೆ ಮೇಲೆ ಮೂಡುವಂಥ ಅಗಲ ಗೆರೆಗಳು ಬೀಳುತ್ತವೆ. ಹದಿನೆಂಟು-ಇಪ್ಪತ್ತರ ಹುಡುಗರ ತೊಡೆಯಲ್ಲಿ ಈ ಗೆರೆ ಕಾಣೋದು ಈಗ ಚರ್ಮವೈದ್ಯರಿಗೆ ದಿನನಿತ್ಯದ ಮಾತು. ಹುಳಕಡ್ಡಿ ವಾಸಿ ಮಾಡಬಹುದು, ಆದರೆ ಆ ಗೆರೆ ಪೂರ್ತಿ ಹೋಗೋದಿಲ್ಲ.

ಇನ್ನೊಂದು ತೊಡಕು. ಸ್ಟೀರಾಯ್ಡ್ ಹಚ್ಚಿದ ಹುಳಕಡ್ಡಿ ತನ್ನ ವೇಷ ಬದಲಿಸುತ್ತೆ. ಅಂಚು ಉಬ್ಬಿ ನಡುವೆ ತಿಳಿಯಾಗಿ ಉಂಗುರದ ಥರ ಕಾಣಬೇಕಾದದ್ದು, ಉಂಗುರದೊಳಗೆ ಉಂಗುರ, ಅಥವಾ ಬರೀ ಮಸುಕು ಕಲೆ ಆಗಿ ಕಾಣುತ್ತೆ. ಊರಿನ ಸಾಮಾನ್ಯ ವೈದ್ಯರು ಇದನ್ನು ಅಲರ್ಜಿ ಅಂದುಕೊಂಡು ಮತ್ತೆ ಸ್ಟೀರಾಯ್ಡ್ ಬರೆದುಕೊಟ್ಟ ಪ್ರಸಂಗಗಳೂ ಉಂಟು. ಅನುಭವಿ ಚರ್ಮವೈದ್ಯರೂ ಇಂಥ ಕಡೆ ಚರ್ಮ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿಯೇ ಖಾತ್ರಿ ಮಾಡಿಕೊಳ್ಳುತ್ತಾರೆ.

ಭಾರತದ ಹೆಸರು ಹೊತ್ತ ಫಂಗಸ್

ಫಂಗಸ್ ಕೂಡ ಸುಮ್ಮನೆ ಕೂತಿಲ್ಲ. ನಮ್ಮ ದೇಶದಲ್ಲಿ ಈಗ ಹೆಚ್ಚಾಗಿ ಕಾಣುವ ತಳಿಗೆ 2020ರಲ್ಲಿ ವಿಜ್ಞಾನಿಗಳು ಟ್ರೈಕೊಫೈಟಾನ್ ಇಂಡೊಟಿನಿಯೆ ಅಂತ ಹೆಸರಿಟ್ಟರು. ಹೆಸರಿನಲ್ಲೇ 'ಇಂಡೊ' ಇದೆ. ಹುಳಕಡ್ಡಿಗೆ ಮೊದಲ ಆಯ್ಕೆ ಆಗಿದ್ದ ಟರ್ಬಿನಾಫಿನ್ ಅನ್ನೋ ಔಷಧಕ್ಕೆ ಈ ತಳಿ ಬಹಳ ಕಡೆ ಜಗ್ಗೋದಿಲ್ಲ. ಆ ಔಷಧ ಹೋಗಿ ಹಿಡಿಯಬೇಕಾದ ಜಾಗದಲ್ಲೇ ಫಂಗಸ್ಸಿನ ಜೀನ್ ಬದಲಾಗಿದೆ. 2023ರ ಮೇ ತಿಂಗಳಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ನ್ಯೂಯಾರ್ಕಿನ ಇಬ್ಬರು ಮಹಿಳೆಯರಲ್ಲಿ ಇದೇ ಫಂಗಸ್ ಸಿಕ್ಕಿದ್ದನ್ನು ತನ್ನ ದೇಶದ ಮೊದಲ ಪ್ರಕರಣ ಅಂತ ವರದಿ ಮಾಡಿತು. ನಮ್ಮ ಹಳ್ಳಿಯ ತೊಡೆ ಸಂದಿನ ತುರಿಕೆ ಅಲ್ಲಿ ಸರ್ಕಾರಿ ಎಚ್ಚರಿಕೆಯ ಸುದ್ದಿ ಆಯ್ತು. ನಮ್ಮಲ್ಲಿ ಅದರ ಬಗ್ಗೆ ಒಂದು ಫ್ಲೆಕ್ಸ್ ಕೂಡ ಕಟ್ಟಿದ್ದು ನಾನಂತೂ ನೋಡಿಲ್ಲ. ಮದುವೆ, ಹುಟ್ಟುಹಬ್ಬ, ಸ್ವಾಗತ ಎಲ್ಲಕ್ಕೂ ಫ್ಲೆಕ್ಸ್ ಕಟ್ಟೋ ಜಿಲ್ಲೆ ನಮ್ಮದು!

ಈ ತಳಿ ಹೀಗೆ ಹಬ್ಬೋದಕ್ಕೆ ಸ್ಟೀರಾಯ್ಡ್ ಬೆರೆಸಿದ ಟ್ಯೂಬ್‌ಗಳ ಮನಸೋ ಇಚ್ಛೆ ಬಳಕೆ ದೊಡ್ಡ ಕಾರಣ ಅಂತ ತಜ್ಞರು ಬೊಟ್ಟು ಮಾಡುತ್ತಾರೆ. ಭಾರತೀಯ ಚರ್ಮವೈದ್ಯರ ಸಂಘ ಇದರ ವಿರುದ್ಧ ಪ್ರತ್ಯೇಕ ಕಾರ್ಯಪಡೆಯನ್ನೇ ಮಾಡಿಕೊಂಡಿದೆ.

ಕಾನೂನು ಇದೆ, ಚೀಟಿ ಇಲ್ಲ

ಸರ್ಕಾರ ಏನೂ ಮಾಡಿಲ್ಲ ಅನ್ನೋ ಹಾಗಿಲ್ಲ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಶೆಡ್ಯೂಲ್ ಎಚ್ ಅಂತಾರೆ. ಮೈಗೆ ಹಚ್ಚುವ ಎಷ್ಟೋ ಸ್ಟೀರಾಯ್ಡ್‌ಗಳಿಗೆ ಆ ಪಟ್ಟಿಯಿಂದ ವಿನಾಯಿತಿ ಇತ್ತು. ಅಂದರೆ ನುಂಗಿದರೆ ಚೀಟಿ ಬೇಕು, ಹಚ್ಚಿದರೆ ಬೇಡ! 2018ರ ಮಾರ್ಚ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಈ ವಿನಾಯಿತಿ ತೆಗೆದುಹಾಕಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 328 ಬಗೆಯ ಸಂಯುಕ್ತ ಔಷಧಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಸ್ಟೀರಾಯ್ಡ್ ಬೆರೆತ ಚರ್ಮದ ಕ್ರೀಮ್‌ಗಳೂ ಇದ್ದವು.

ಆದರೆ ನಿಷೇಧ ಬೀಳೋದು ಒಂದೊಂದು ನಿರ್ದಿಷ್ಟ ಮಿಶ್ರಣಕ್ಕೆ. ಇಂತಿಂಥ ನಾಲ್ಕು ಔಷಧ ಸೇರಿಸಬಾರದು ಅಂತ ಹೇಳಿದರೆ, ಅವುಗಳಲ್ಲಿ ಒಂದನ್ನು ಬದಲಿಸಿದ ಇನ್ನೊಂದು ಮಿಶ್ರಣಕ್ಕೆ ಆ ನಿಷೇಧ ತಾನಾಗಿ ತಾಗೋದಿಲ್ಲ. ಡಬ್ಬಿಯ ಬಣ್ಣ ಅದೇ, ಟ್ಯೂಬಿನ ಗಾತ್ರ ಅದೇ, ಗಿರಾಕಿಗೆ ಬೇಕಾದ ಮೂರು ದಿನದ ಆರಾಮವೂ ಅದೇ ಇದ್ದರೆ ಒಳಗೆ ಏನು ಬದಲಾಯ್ತು ಅಂತ ಯಾರು ನೋಡ್ತಾರೆ?

ಚೀಟಿ ಕಡ್ಡಾಯ ಅನ್ನೋ ನಿಯಮದ ಗತಿ ಇನ್ನೂ ಸರಳ. ಡಬ್ಬಿ ಮೇಲೆ ಕೆಂಪು ಗೆರೆ ಇದೆ, ಆರ್‌ಎಕ್ಸ್ ಗುರುತು ಇದೆ, ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಇಂಗ್ಲಿಷಿನಲ್ಲಿ ಅಚ್ಚು ಹಾಕಿದೆ. ಕನ್ನಡದಲ್ಲಿ ಒಂದಕ್ಷರ ಇಲ್ಲ. ಓದಬೇಕಾದವರಿಗೆ ಓದೋಕೆ ಬರಲ್ಲ, ಓದೋಕೆ ಬರೋರು ಕೌಂಟರ್ ಆಚೆ ನಿಂತಿರ್ತಾರೆ.

ಅಂಗಡಿಯವರ ಮಾತನ್ನೂ ಕೇಳಬೇಕು

ಇಷ್ಟು ಹೇಳಿ ಎಲ್ಲ ತಪ್ಪನ್ನೂ ಮೆಡಿಕಲ್ ಶಾಪ್‌ನವರ ತಲೆಗೆ ಕಟ್ಟೋದು ಸುಲಭ. ಅದು ನ್ಯಾಯ ಅಲ್ಲ. ಬೆಳಿಗ್ಗೆ ಹೊಲಕ್ಕೆ ಹೋಗೋ ಮುಂಚೆ ಬಂದ ಕೂಲಿಯವನಿಗೆ "ಡಾಕ್ಟರ್ ಹತ್ರ ಹೋಗಪ್ಪಾ" ಅಂದರೆ ಅವನು ಡಾಕ್ಟರ್ ಹತ್ರ ಹೋಗಲ್ಲ, ನಾಲ್ಕು ಹೆಜ್ಜೆ ಮುಂದಿನ ಅಂಗಡಿಗೆ ಹೋಗ್ತಾನೆ. ಅಲ್ಲಿ ಸಿಗುತ್ತೆ. ಮುಂದೆ ಬಿಪಿ ಮಾತ್ರೆ, ಶುಗರ್ ಮಾತ್ರೆಯ ಗಿರಾಕಿತನವೂ ಅತ್ತ ಹೋಗುತ್ತೆ. ಒಬ್ಬ ನಿಯತ್ತಿನಿಂದ ಇದ್ದರೆ ನಷ್ಟ ಅವನೊಬ್ಬನಿಗೇ. ಹಾಗಾಗಿ ಇದು ಒಂದೊಂದು ಅಂಗಡಿ ಮಾಡೋ ಕೆಲಸ ಅಲ್ಲ, ಊರಿನ ಎಲ್ಲ ಅಂಗಡಿಯವರು ಸೇರಿ ಒಂದೇ ದಿನದಿಂದ ಮಾಡೋ ಕೆಲಸ. ರಜೆ ದಿನ, ಬಂದ್ ದಿನ ಎಲ್ಲರೂ ಮಾತಾಡಿಕೊಂಡು ಬಾಗಿಲು ಹಾಕೋಕೆ ಆಗುತ್ತೆ ಅಂದರೆ ಇದೂ ಆಗಬೇಕು.

ಅಷ್ಟಕ್ಕೂ ಚೀಟಿ ಇಲ್ಲದವನನ್ನು ಬರಿಗೈಲಿ ಕಳಿಸಬೇಕಿಲ್ಲ. ಸ್ಟೀರಾಯ್ಡ್ ಇಲ್ಲದ, ಬರೀ ಫಂಗಸ್ ಔಷಧ ಒಂದೇ ಇರುವ ಮುಲಾಮುಗಳಿವೆ. ಕ್ಲೊಟ್ರಿಮಝೋಲ್ ಬಹಳ ಹಳೆಯದು, ಬೆಲೆಯೂ ಕಡಿಮೆ. ಅದು ಮೂರು ದಿನಕ್ಕೆ ಮ್ಯಾಜಿಕ್ ಮಾಡೋದಿಲ್ಲ, ಈಗಿನ ಹಠಮಾರಿ ಹುಳಕಡ್ಡಿಗೆ ಅದೊಂದೇ ಸಾಲದೆಯೂ ಹೋಗಬಹುದು. ಆದರೆ ಕೇಡು ಮಾಡೋದಿಲ್ಲ, ಡಾಕ್ಟರ್ ಕಣ್ಣಿಗೆ ಕಾಯಿಲೆಯನ್ನು ಮರೆಮಾಚೋದೂ ಇಲ್ಲ. ಅಂಗಡಿಯವರು ಗಿರಾಕಿಗೆ ಹೇಳಬೇಕಾದ ಮಾತು ಇಷ್ಟೇ: ಎರಡು ವಾರದಲ್ಲಿ ಇಳೀಲಿಲ್ಲ ಅಂದ್ರ ಚರ್ಮದ ಡಾಕ್ಟ್ರಿಗೆ ತೋರಿಸ್ರಿ.

ಖರ್ಚಿನ ಲೆಕ್ಕವನ್ನೂ ಒಮ್ಮೆ ಹಾಕಿ. ಟ್ಯೂಬ್‌ಗೆ ನೂರು ರೂಪಾಯಿ ಅಂದುಕೊಳ್ಳಿ, ತಿಂಗಳಿಗೆ ಒಂದೂವರೆ ಟ್ಯೂಬ್, ಮನೆಯಲ್ಲಿ ಮೂವರಿಗೆ. ವರ್ಷಕ್ಕೆ ಐದು ಸಾವಿರ ದಾಟುತ್ತೆ. ಇಷ್ಟು ಖರ್ಚು ಮಾಡಿದ ಮೇಲೂ ಕಾಯಿಲೆ ಅಲ್ಲೇ ಇರುತ್ತೆ. ಮೊದಲೇ ಚರ್ಮವೈದ್ಯರ ಹತ್ತಿರ ಹೋಗಿದ್ದರೆ ಫೀ, ಬಸ್ ಚಾರ್ಜ್, ಒಂದು ದಿನದ ಕೂಲಿ, ಔಷಧ ಎಲ್ಲ ಸೇರಿಸಿದರೂ ಬಹುತೇಕ ಇದಕ್ಕಿಂತ ಕಡಿಮೆಯಲ್ಲಿ ಮುಗೀತಿತ್ತು.

ಮುಖಕ್ಕೆ ಹಚ್ಚೋ ಕ್ರೀಮ್: ಫ್ಯಾನ್ಸಿ ಸ್ಟೋರ್‌ನವರೂ ಗಮನಿಸಿ

ಇದೇ ಕಥೆಯ ಇನ್ನೊಂದು ಮುಖ, ಮುಖದ್ದೇ. ಬಂಗು, ಮೊಡವೆ, ಕಪ್ಪು ಅಂತ ಹೆಣ್ಣುಮಕ್ಕಳು, ಈಗೀಗ ಹುಡುಗರೂ, ಬೆಳ್ಳಗಾಗಲು ಹಚ್ಚುವ ಕೆಲವು ಕ್ರೀಮ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತೆ. ಹೈಡ್ರೊಕ್ವಿನೋನ್, ಟ್ರೆಟಿನಾಯಿನ್ ಜೊತೆಗೆ ಒಂದು ಸ್ಟೀರಾಯ್ಡ್, ಈ ಮೂರರ ಮಿಶ್ರಣ ಬಂಗಿಗೆ ಔಷಧವಾಗಿ ಬಂದದ್ದು 1975ರಲ್ಲಿ, ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್ ಅವರಿಂದ. ಅದು ವೈದ್ಯರ ಕಣ್ಗಾವಲಿನಲ್ಲಿ ಕೆಲವು ವಾರ ಹಚ್ಚಿ ನಿಲ್ಲಿಸಬೇಕಾದ ಔಷಧ. ನಮ್ಮಲ್ಲಿ ಅದು ಪೌಡರ್, ಸ್ನೋ ಥರ ದಿನಾ ಹಚ್ಚೋ ವಸ್ತು ಆಗಿದೆ. ಪಾರ್ಲರ್‌ನಲ್ಲಿ ಹೇಳಿದರು, ಅಕ್ಕ ಹಚ್ಚಿ ಬೆಳ್ಳಗಾದಳು, ಅಷ್ಟೇ ಸಾಕು.

2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ದೇಶದ 12 ಕೇಂದ್ರಗಳಲ್ಲಿ ಮುಖದ ಚರ್ಮದ ತೊಂದರೆ ಅಂತ ಬಂದ 2926 ರೋಗಿಗಳನ್ನು ವಿಚಾರಿಸಿದಾಗ 433 ಮಂದಿ ಮುಖಕ್ಕೆ ಸ್ಟೀರಾಯ್ಡ್ ಹಚ್ಚುತ್ತಿದ್ದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಅದನ್ನು ಹಚ್ಚು ಅಂದವರು ವೈದ್ಯರೇ ಅಲ್ಲ.

ಮೊದಲ ತಿಂಗಳು ಮುಖ ತಿಳಿಯಾಗಿ ಹೊಳೆಯುತ್ತೆ. ಆಮೇಲೆ ಬಿಸಿಲಿಗೆ ಹೋದರೆ ಉರಿ, ಕೆನ್ನೆ ಮೇಲೆ ಕೆಂಪು ನರದ ಎಳೆಗಳು, ಮೊಡವೆ, ಹೆಣ್ಣುಮಕ್ಕಳಿಗೆ ಗದ್ದ-ಕೆನ್ನೆಯಲ್ಲಿ ಕೂದಲು. ಹಚ್ಚೋದು ನಿಲ್ಲಿಸಿದರೆ ಎರಡೇ ದಿನಕ್ಕೆ ಮುಖ ಬೆಂಕಿ ಬಿದ್ದ ಹಾಗೆ ಉರಿದು ಊದುತ್ತೆ. ಹೆದರಿ ಮತ್ತೆ ಅದನ್ನೇ ಹಚ್ಚುತ್ತಾರೆ. ಕುಡಿತದ ಚಟಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಈ ಸ್ಥಿತಿಗೆ ನಮ್ಮ ದೇಶದ ವೈದ್ಯರೇ ಸ್ಟೀರಾಯ್ಡ್‌ನಿಂದ ಹಾಳಾದ ಮುಖ ಅನ್ನೋ ಅರ್ಥದ ಹೆಸರು ಇಟ್ಟಿದ್ದಾರೆ. ಇದನ್ನು ಬಿಡಿಸೋಕೆ ತಿಂಗಳುಗಳು ಬೇಕು, ಒಮ್ಮೆಲೇ ನಿಲ್ಲಿಸದೆ ವೈದ್ಯರು ಹೇಳಿದ ಹಾಗೆ ಇಳಿಸುತ್ತಾ ಬರಬೇಕು.

ಇವೆಲ್ಲ ಮೆಡಿಕಲ್ ಶಾಪ್ ಮಾತಾಯ್ತು. ಫ್ಯಾನ್ಸಿ ಸ್ಟೋರ್, ಬಳೆ ಅಂಗಡಿ, ಜಾತ್ರೆ ಅಂಗಡಿಗಳಲ್ಲಿ ಸಿಗೋ ಹೆಸರಿಲ್ಲದ ಬಿಳಿ ಕ್ರೀಮ್‌ಗಳದ್ದು ಇನ್ನೂ ಕೆಟ್ಟ ಕಥೆ. ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನಲ್ಲಿ 2021ರ ಜುಲೈನಿಂದ 2023ರ ಸೆಪ್ಟೆಂಬರ್ ನಡುವೆ ಒಂದೇ ಬಗೆಯ ಕಿಡ್ನಿ ಕಾಯಿಲೆಯ 22 ಮಂದಿ ಬಂದರು. ಅವರಲ್ಲಿ 15 ಜನರದ್ದು ಅಪರೂಪದ ಒಂದು ಉಪಬಗೆ. ವೈದ್ಯರು ಬಿಡದೆ ವಿಚಾರಿಸಿದಾಗ ಆ 15ರಲ್ಲಿ 13 ಮಂದಿ ಬೆಳ್ಳಗಾಗೋ ಕ್ರೀಮ್ ಹಚ್ಚುತ್ತಿದ್ದುದು ಗೊತ್ತಾಯ್ತು. ಕ್ರೀಮ್‌ಗಳಲ್ಲಿ ಪಾದರಸ ಇತ್ತು. ಪಾದರಸ ಚರ್ಮದ ಬಣ್ಣ ತಯಾರಾಗೋದನ್ನು ತಡೆಯುತ್ತೆ, ಅದಕ್ಕೇ ಮುಖ ಬೆಳ್ಳಗಾಗೋದು. ಚರ್ಮದ ಮೂಲಕವೇ ರಕ್ತಕ್ಕೆ ಸೇರಿ ಕಿಡ್ನಿಗೂ ಹೋಗುತ್ತೆ. ಕಾಲು ಊತ, ಮೂತ್ರದಲ್ಲಿ ನೊರೆ ಮೊದಲ ಗುರುತು. ಪುಣ್ಯಕ್ಕೆ ಕ್ರೀಮ್ ನಿಲ್ಲಿಸಿದ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು.

ನಮ್ಮ ಕಾನೂನಿನ ಪ್ರಕಾರ ಮುಖದ ಕ್ರೀಮ್‌ಗೆ ಪಾದರಸ ಬೆರೆಸುವಂತೆಯೇ ಇಲ್ಲ. ತಯಾರಿಯಲ್ಲಿ ತಿಳಿಯದೆ ಸೇರಿದರೂ ಹತ್ತು ಲಕ್ಷಕ್ಕೆ ಒಂದು ಪಾಲು ಮೀರಬಾರದು. ಫ್ಯಾನ್ಸಿ ಸ್ಟೋರ್ ನಡೆಸುವವರು ಡಬ್ಬಿ ತಿರುಗಿಸಿ ನೋಡಿ. ತಯಾರಕರ ವಿಳಾಸ ಇಲ್ಲ, ಲೈಸೆನ್ಸ್ ನಂಬರ್ ಇಲ್ಲ, ಒಳಗೆ ಏನಿದೆ ಅನ್ನೋ ಪಟ್ಟಿ ಇಲ್ಲ, ವಿದೇಶದ್ದು ಅಂತಿದ್ದರೂ ಆಮದು ನೋಂದಣಿ ಸಂಖ್ಯೆ ಇಲ್ಲ ಅಂದರೆ ಅದನ್ನು ಇಟ್ಟುಕೊಂಡ ನಿಮಗೇ ನಾಳೆ ತೊಂದರೆ. ಬಿಲ್ ಕೊಡದ ಏಜೆಂಟ್ ಹತ್ತಿರ ಮಾಲು ತಗೋಬೇಡಿ. ಕೇಸಾದಾಗ ಅವನು ಸಿಗೋದಿಲ್ಲ, ಅಂಗಡಿ ಬೋರ್ಡ್ ಮೇಲೆ ಹೆಸರು ಇರೋದು ನಿಮ್ಮದು.

ಎಲ್ಲ ತುರಿಕೆಯೂ ಹುಳಕಡ್ಡಿ ಅಲ್ಲ

ಟ್ಯೂಬ್ ಕೊಳ್ಳೋ ಅಭ್ಯಾಸದ ಇನ್ನೊಂದು ಅಪಾಯ, ಎಲ್ಲ ಕಲೆಗೂ ಒಂದೇ ಔಷಧ ಅನ್ನೋ ನಂಬಿಕೆ. ಚರ್ಮವೈದ್ಯರ ಹತ್ತಿರ ಬರೋದು ಏನೇನು ಅಂತ ನೋಡಿದರೆ ಇದು ಅರ್ಥ ಆಗುತ್ತೆ.

ರಾತ್ರಿ ಹಾಸಿಗೆಗೆ ಬಿದ್ದ ಕೂಡಲೇ ಮನೆಮಂದಿಗೆಲ್ಲ ತುರಿಕೆ, ಬೆರಳ ಸಂದಿಯಲ್ಲಿ ಗುಳ್ಳೆ ಅಂದರೆ ಅದು ಕಜ್ಜಿ. ಕಣ್ಣಿಗೆ ಕಾಣದ ಸಣ್ಣ ಹುಳ ಚರ್ಮದೊಳಗೆ ಸುರಂಗ ಕೊರೆಯೋದರಿಂದ ಬರುತ್ತೆ. ಹಾಸ್ಟೆಲ್‌ನಲ್ಲಿ ಒಬ್ಬ ಹುಡುಗನಿಗೆ ಬಂದರೆ ಇಡೀ ರೂಮಿಗೆ ಬಂದ ಲೆಕ್ಕ. ಇದಕ್ಕೆ ಪರ್ಮೆಥ್ರಿನ್ ಅನ್ನೋ ಕ್ರೀಮ್ ಇದೆ. ಕುತ್ತಿಗೆಯಿಂದ ಅಂಗಾಲಿನ ತನಕ, ತುರಿಕೆ ಇದ್ದರೂ ಇಲ್ಲದಿದ್ದರೂ ಮನೆಯ ಎಲ್ಲರೂ ಒಂದೇ ರಾತ್ರಿ ಹಚ್ಚಬೇಕು, ಬೆಳಿಗ್ಗೆ ಸ್ನಾನ, ವಾರ ಬಿಟ್ಟು ಮತ್ತೊಮ್ಮೆ. ಹಾಸಿಗೆ ಬಟ್ಟೆ ಬಿಸಿನೀರಲ್ಲಿ ಒಗೆಯಬೇಕು. ಒಬ್ಬರೇ ಹಚ್ಚಿಕೊಂಡರೆ ದುಡ್ಡು ದಂಡ. ಹುಳ ಸತ್ತ ಮೇಲೂ ಎರಡು ಮೂರು ವಾರ ತುರಿಕೆ ಇರುತ್ತೆ, ಔಷಧ ಹಿಡೀಲಿಲ್ಲ ಅಂತ ಗಾಬರಿ ಬೇಡ. ಸಣ್ಣ ಮಕ್ಕಳು, ಗರ್ಭಿಣಿಯರು ಇದ್ದರೆ ವೈದ್ಯರನ್ನು ಕೇಳಿಯೇ ಹಚ್ಚಿ.

ಎದೆ, ಬೆನ್ನಿನ ಮೇಲೆ ಬೂದಿ ಉದುರಿದ ಹಾಗೆ ಕಾಣೋ ಚಿಬ್ಬು ಬೇರೆ, ಹಾಲಿನ ಬಿಳುಪಿನ ತೊನ್ನು ಬೇರೆ. ತೊನ್ನು ಅಂಟುರೋಗ ಅಲ್ಲ, ಮುಟ್ಟಿದರೆ ಬರಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಮದುವೆ ಮಾತುಕತೆಯಲ್ಲಿ ಮಾತ್ರ ಯಾರ ತಲೆಗೂ ಹೋಗಲ್ಲ.

ಇನ್ನೊಂದು ಕಲೆ ಇದೆ. ತುರಿಕೆ ಇಲ್ಲ, ನೋವಿಲ್ಲ. ಸುತ್ತಲಿನ ಚರ್ಮಕ್ಕಿಂತ ಸ್ವಲ್ಪ ತಿಳಿ ಅಥವಾ ತಾಮ್ರದ ಬಣ್ಣ. ಅದರ ಮೇಲೆ ಹತ್ತಿ ಎಳೆ ಆಡಿಸಿದರೆ ಗೊತ್ತಾಗೋದಿಲ್ಲ. ಅದು ಕುಷ್ಠ ಇರಬಹುದು. 2005ರ ಕೊನೆಗೆ ದೇಶಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಬ್ಬರಿಗಿಂತ ಕಡಿಮೆ ಅನ್ನೋ ಮಟ್ಟ ಮುಟ್ಟಿದಾಗ ಕುಷ್ಠ ನಿರ್ಮೂಲನೆ ಆಯ್ತು ಅಂತ ಘೋಷಣೆ ಬಂತು. ಆದರೆ ರೋಗ ಹೋಗಿಲ್ಲ, ಹೊಸ ರೋಗಿಗಳು ಈಗಲೂ ಸಿಗ್ತಿದ್ದಾರೆ. ಈ ಕಲೆಗೆ ವರ್ಷಗಟ್ಟಲೆ ಅಂಗಡಿ ಟ್ಯೂಬ್ ಹಚ್ಚುತ್ತಾ ಕೂತರೆ ಅಷ್ಟರಲ್ಲಿ ನರಕ್ಕೆ ಪೆಟ್ಟು ಬಿದ್ದು ಬೆರಳು ಮಡಚಿಕೊಳ್ಳುತ್ತೆ. ಸಮಯಕ್ಕೆ ಸಿಕ್ಕರೆ 6 ಅಥವಾ 12 ತಿಂಗಳ ಮಾತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪೂರ್ತಿ ಉಚಿತ, ಪೂರ್ತಿ ವಾಸಿ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಮೈಮೇಲೆ ಕಲೆ ಇದೆಯಾ ಅಂತ ಕೇಳೋದು ಇದಕ್ಕೇ. "ನಮ್ಮನಿಯಾಗ ಅಂಥಾವು ಯಾರಿಗೂ ಇಲ್ಲವಾ" ಅಂತ ಬಾಗಿಲಲ್ಲೇ ಸಾಗಹಾಕಬೇಡಿ.

ಎಲ್ಲಿ ತೋರಿಸೋದು, ಏನು ಮಾಡೋದು

ಚರ್ಮವೈದ್ಯರು ಪ್ರತಿ ಊರಲ್ಲೂ ಸಿಗೋದಿಲ್ಲ ನಿಜ. ಹಿರೇಕೆರೂರು, ರಟ್ಟಿಹಳ್ಳಿ, ಹಾನಗಲ್ ಕಡೆಯ ಹಳ್ಳಿಯವರಿಗೆ ಒಂದು ದಿನವೇ ಹೋಗುತ್ತೆ. ಆದರೂ ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಈಗ ವೈದ್ಯಕೀಯ ಕಾಲೇಜೂ ಬಂದಿದೆ. ರಾಣೇಬೆನ್ನೂರಿನವರಿಗೆ ದಾವಣಗೆರೆ, ಶಿಗ್ಗಾಂವಿಯವರಿಗೆ ಹುಬ್ಬಳ್ಳಿ ಹತ್ತಿರ. ಕೇಂದ್ರ ಸರ್ಕಾರದ ಇ-ಸಂಜೀವಿನಿ ಮೂಲಕ ಫೋನಿನಲ್ಲೇ ಉಚಿತವಾಗಿ ವೈದ್ಯರ ಸಲಹೆ ಪಡೆಯೋ ವ್ಯವಸ್ಥೆಯೂ ಇದೆ, ನಿಮ್ಮೂರ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಕೇಳದಿದ್ದರೆ ಯಾರೂ ತಾವಾಗಿ ಹೇಳೋದಿಲ್ಲ.

ವೈದ್ಯರ ಹತ್ತಿರ ಹೋಗುವಾಗ ಇಲ್ಲಿತನಕ ಹಚ್ಚಿದ ಎಲ್ಲ ಟ್ಯೂಬ್, ಡಬ್ಬಿ ತಗೊಂಡು ಹೋಗಿ. ಬೈತಾರೆ ಅಂತ ಮುಚ್ಚಿಡಬೇಡಿ. ಬೆಳ್ಳುಳ್ಳಿ ಅರೆದು ಹಚ್ಚಿ ಚರ್ಮ ಸುಟ್ಟುಕೊಂಡಿದ್ದರೆ ಅದನ್ನೂ ಹೇಳಿ. ಅವರು ಕೊಟ್ಟ ಔಷಧವನ್ನು ಕಲೆ ಹೋದ ಮೇಲೂ ಹೇಳಿದಷ್ಟು ದಿನ ಮುಂದುವರಿಸಿ. ಬಹುತೇಕರು ತಪ್ಪೋದು ಇಲ್ಲೇ. ಇಟ್ರಾಕೊನಝೋಲ್ ಥರದ ನುಂಗುವ ಮಾತ್ರೆಯನ್ನು ಪಕ್ಕದ ಮನೆಯವರ ಚೀಟಿ ತೋರಿಸಿ ಕೊಳ್ಳಬೇಡಿ, ಹೃದಯದ ತೊಂದರೆ, ಲಿವರ್ ತೊಂದರೆ ಇದ್ದವರಿಗೆ ಅದು ಅಪಾಯ. ಮನೆಯಲ್ಲಿ ತುರಿಕೆ ಇದ್ದವರೆಲ್ಲ ಒಟ್ಟಿಗೇ ಚಿಕಿತ್ಸೆ ತಗೊಳ್ಳಿ. ಟವೆಲ್ ಬೇರೆ ಬೇರೆ ಇರಲಿ. ಮಳೆಗಾಲದಲ್ಲಿ ಅರೆ ಒಣಗಿದ ಒಳಉಡುಪು ಹಾಕಬೇಡಿ, ಬಿಸಿಲಿಲ್ಲ ಅಂದರೆ ಇಸ್ತ್ರಿ ಆದರೂ ಉಜ್ಜಿ, ಹೊಲಿಗೆ ಅಂಚಿನ ಮೇಲೆ ಜಾಸ್ತಿ. ಸೊಂಟದ ಉಡಿದಾರ ಒದ್ದೆಯಾಗಿ ಅಲ್ಲೇ ಹುಳಕಡ್ಡಿ ಸುತ್ತಿಕೊಳ್ಳೋದು ಬಹಳ, ವಾಸಿ ಆಗೋ ತನಕ ಬಿಚ್ಚಿಡಿ. ದೇವರು ಬೇಜಾರು ಮಾಡಿಕೊಳ್ಳಲ್ಲ.

ಔಷಧ ನಿಯಂತ್ರಣ ಅಧಿಕಾರಿಗಳು ಜಿಲ್ಲೆಯ ಮೆಡಿಕಲ್ ಶಾಪ್‌ಗಳಲ್ಲಿ ನಿದ್ದೆ ಮಾತ್ರೆ, ಕೆಮ್ಮಿನ ಸಿರಪ್ ಲೆಕ್ಕ ಕೇಳುವ ಹಾಗೆ ಕ್ಲೊಬೆಟಸಾಲ್ ಬೆರೆತ ಟ್ಯೂಬ್‌ಗಳ ಖರೀದಿ ಬಿಲ್ ಮತ್ತು ಚೀಟಿ ಲೆಕ್ಕವನ್ನೂ ಒಂದು ತಿಂಗಳು ಕೇಳಿ ನೋಡಲಿ. ಯಾವ ಊರಿಗೆ ಎಷ್ಟು ಹೋಗ್ತಿದೆ ಅನ್ನೋದು ಅಲ್ಲೇ ಹೊರಗೆ ಬೀಳುತ್ತೆ. ಔಷಧ ವ್ಯಾಪಾರಿಗಳ ಸಂಘದವರು ಡಬ್ಬಿಯ ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆಸಿ ಕೌಂಟರ್ ಮೇಲೆ ಅಂಟಿಸಲಿ, ಒಂದು ಕಾಗದದ ಖರ್ಚು. ಟ್ಯೂಬ್ ಅಥವಾ ಕ್ರೀಮ್ ಹಚ್ಚಿ ಅಡ್ಡಪರಿಣಾಮ ಆದವರು ಔಷಧ ಸುರಕ್ಷತೆಯ ರಾಷ್ಟ್ರೀಯ ಉಚಿತ ಸಹಾಯವಾಣಿ 1800-180-3024ಕ್ಕೆ ಕೆಲಸದ ದಿನಗಳಲ್ಲಿ ಕರೆ ಮಾಡಿ ತಿಳಿಸಬಹುದು. ಕರೆ ಮಾಡುವಾಗ ಡಬ್ಬಿ ಕೈಯಲ್ಲಿರಲಿ, ಬ್ಯಾಚ್ ನಂಬರ್ ಕೇಳ್ತಾರೆ.